ಫಾಲೋವರ್ಸ್ ಆಮೇಲೆ, ಮೊದಲು ಮೆಸೇಜಿಗೆ ಉತ್ತರ ಕೊಡಿ

ಹೋಂಸ್ಟೇ ನಡೆಸುವವರು ಈಚೆಗೆ ಕೇಳುವುದೆಲ್ಲ ಅವೇ ಪ್ರಶ್ನೆ. ನೋಂದಣಿ ಆಗಿದೆ ಅಂದುಕೊಂಡೇ ಉತ್ತರಿಸುತ್ತಿದ್ದೇನೆ. ಆಗಿಲ್ಲವಾದರೆ ಮೊದಲು ಪ್ರವಾಸೋದ್ಯಮ ಇಲಾಖೆಗೆ ಹೋಗಿ ಬನ್ನಿ.

ಪ್ರಶ್ನೆ: ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದು ಮೂರು ರೂಮಿನ ಹೋಂಸ್ಟೇ. ರೀಲ್ಸ್ ಹಾಕುತ್ತೇವೆ, ಲೈಕ್ ಬರುತ್ತದೆ, ಬುಕಿಂಗ್ ಬರುವುದಿಲ್ಲ. ದುಡ್ಡು ಕೊಟ್ಟರೆ ಹತ್ತು ಸಾವಿರ ಫಾಲೋವರ್ಸ್ ಮಾಡಿಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಬೇಡವೇ ಬೇಡ. ಹಾಗೆ ಕೊಂಡ ಫಾಲೋವರ್ಸ್ ಪಂದಿಕರಿ, ಕಡಂಬುಟ್ಟು ತಿನ್ನಲು ನಿಮ್ಮ ಮನೆಗೆ ಬರುವವರಲ್ಲ. ಇಂಥ ‘ಡಿಜಿಟಲ್ ಎಕ್ಸ್‌ಪರ್ಟ್’ಗಳನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ರೀಲ್ ನೋಡಿದವರು ಆಮೇಲೇನು ಮಾಡುತ್ತಾರೆ? ಬೆಂಗಳೂರಿನ ಒಂದು ಸಂಸಾರ ರಾತ್ರಿ ಊಟ ಮುಗಿಸಿ ಮೂರ್ನಾಲ್ಕು ಹೋಂಸ್ಟೇಗೆ ಒಂದೇ ಮೆಸೇಜ್ ಹಾಕುತ್ತದೆ: ರೂಮ್ ಇದೆಯಾ, ಎಷ್ಟು? ಮೊದಲು ಪೂರ್ತಿ ಉತ್ತರ ಕೊಟ್ಟವರ ಕಡೆಗೇ ಮನಸ್ಸು ವಾಲುತ್ತದೆ. ನೀವು ಮರುದಿನ ಹತ್ತು ಗಂಟೆಗೆ ‘ಕಾಲ್ ಮಾಡಿ’ ಅಂತ ಕಳಿಸಿದರೆ ಯಾರು ಮಾಡುತ್ತಾರೆ?

ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. ಅದು ಉಚಿತ, ಲ್ಯಾಂಡ್‌ಲೈನ್ ನಂಬರಿಗೂ ಆಗುತ್ತದೆ. ಅದರಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ. ಒಂದು ಸಲ ಬರೆದಿಟ್ಟರೆ ಸಾಕು: ಒಬ್ಬರಿಗೆ ಎಷ್ಟು, ಯಾವ ಊಟ ಸೇರಿದೆ, ಮಕ್ಕಳಿಗೆ ಎಷ್ಟು. ಕೊನೆಯ ದಾರಿ ಮಣ್ಣುರಸ್ತೆ, ಮಳೆಗಾಲದಲ್ಲಿ ಸಣ್ಣ ಕಾರು ಹತ್ತುವುದಿಲ್ಲ, ಜೀಪ್ ಕಳಿಸುತ್ತೇವೆ ಅನ್ನುವುದನ್ನೂ ಬರೆಯಿರಿ. ಇದನ್ನು ಮುಚ್ಚಿಟ್ಟವರಿಗೇ ಆಮೇಲೆ ಒಂದು ಸ್ಟಾರ್ ಬೀಳುವುದು.

ನೀವಿಲ್ಲದಾಗ ತಾನಾಗಿ ಹೋಗುವ ಮೆಸೇಜ್ ಕೂಡ ಇದೆ. ಆದರೆ ಫೋನಿಗೆ ಇಂಟರ್ನೆಟ್ ಇದ್ದರೆ ಮಾತ್ರ. ಫೋನ್ ಜೇಬಿನಲ್ಲಿಟ್ಟುಕೊಂಡು ಸಿಗ್ನಲ್ ಇಲ್ಲದ ತೋಟಕ್ಕಿಳಿದರೆ ಅದೂ ಹೋಗುವುದಿಲ್ಲ. ಹಳೇ ಫೋನಿಗೆ ಆ ನಂಬರ್ ಹಾಕಿ ವೈಫೈ ಪಕ್ಕ ಇಡಿ. ರೂಟರಿಗೊಂದು ಬ್ಯಾಟರಿ ಇರಲಿ. ಜೋರು ಮಳೆಯ ಆಟಿ ತಿಂಗಳ ಕರೆಂಟಿನ ಕಥೆ ನಾನು ಹೇಳಬೇಕಾ?

ಇನ್ನು ಮ್ಯಾಪ್. ಲೊಕೇಶನ್ ಮನೆಯ ಮೇಲಿದ್ದರೆ ಮ್ಯಾಪ್ ಹತ್ತಿರದ ರಸ್ತೆಗೆ ಕರೆದೊಯ್ಯುತ್ತದೆ. ಅದು ಎಷ್ಟೋ ಸಲ ಪಕ್ಕದವರ ತೋಟದ ದಾರಿ. ಕತ್ತಲಲ್ಲಿ ಅತಿಥಿಗಳು, ಎದುರಿಗೆ ಬೊಗಳುವ ನಾಯಿ, ಫೋನಿಗೆ ಸಿಗ್ನಲ್ ಇಲ್ಲ. ಕಾರು ತಿರುಗಬೇಕಾದ ಗೇಟಿನ ಬಳಿ ನಿಂತು ಅಲ್ಲಿಯ ಲೊಕೇಶನ್ ತೆಗೆದುಕೊಳ್ಳಿ. ಬುಕಿಂಗ್ ಆದ ಕೂಡಲೇ ಅದನ್ನು ಕಳಿಸಿ. ದಾರಿಯಲ್ಲಿ ಸಿಗುವ ನಾಪೋಕ್ಲು ಪೇಟೆ ದಾಟುವ ಮೊದಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಲು ಹೇಳಿ.

ರೀಲ್ಸ್ ಬಿಡಬೇಕಿಲ್ಲ. ಆದರೆ ಅಬ್ಬಿ ಜಲಪಾತದ ವಿಡಿಯೋ ಇನ್ನೊಂದು ಯಾರಿಗೆ ಬೇಕು? ಬೇಸಿಗೆಯ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ, ಕೆಲವೇ ದಿನ ಇರುತ್ತದೆ. ಮಳೆ ಬಿದ್ದ ದಿನವೇ ಸ್ಟೇಟಸ್ ಹಾಕಿದರೆ ಹಳೇ ಅತಿಥಿಗಳಿಗೆ ರಜೆ ಹಾಕಲು ಸಮಯ ಸಿಗುತ್ತದೆ. ಒಂದು ವಿಷಯ: ನಿಮ್ಮ ನಂಬರ್ ಅವರಲ್ಲಿ, ಅವರದು ನಿಮ್ಮಲ್ಲಿ ಸೇವ್ ಆಗಿರದಿದ್ದರೆ ಸ್ಟೇಟಸ್ ಕಾಣುವುದಿಲ್ಲ. ಅವರು ಹೊರಡುವಾಗ ಕಾಫಿಪುಡಿ ಪ್ಯಾಕೆಟ್ ಕೈಗಿಡುತ್ತಾ ಇದನ್ನೂ ಮಾಡಿಸಿ.

ಪ್ರಶ್ನೆ: ನಮ್ಮದೇ ಆ್ಯಪ್ ಮಾಡಿಸೋಣವಾ?

ಉತ್ತರ: ಮೂರು ರೂಮಿಗೆ? ಆ ದುಡ್ಡಿನಲ್ಲಿ ಗೀಸರ್ ರಿಪೇರಿ ಮಾಡಿಸಿ.

ಪ್ರಶ್ನೆ: ಒಳ್ಳೆ ರಿವ್ಯೂ ಬರೆದವರಿಗೆ ಡಿಸ್ಕೌಂಟ್ ಕೊಡಬಹುದಾ?

ಉತ್ತರ: ಗೂಗಲ್ ನಿಯಮದಲ್ಲಿ ಅದು ತಪ್ಪು. ಸುಮ್ನೆ ಬಾಯಿಬಿಟ್ಟು ಕೇಳಿ, ಖುಷಿಯಾದವರು ಬರೆಯುತ್ತಾರೆ.

ಪ್ರಶ್ನೆ: ಗೂಗಲ್‌ನಿಂದ ಅಂತ ಫೋನ್ ಬಂತು. ದುಡ್ಡು ಕಟ್ಟದಿದ್ದರೆ ನಮ್ಮ ಹೆಸರು ಮ್ಯಾಪಿನಿಂದ ತೆಗೆಯುತ್ತಾರಂತೆ.

ಉತ್ತರ: ಮ್ಯಾಪಿನಲ್ಲಿ ನಿಮ್ಮ ಹೆಸರು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಬ್ಲಾಕ್ ಮಾಡಿ.

ಪ್ರಶ್ನೆ: ಸೈನ್ಯದ ಅಧಿಕಾರಿ ಅಂತ ಹೇಳಿ ಎಲ್ಲ ರೂಮೂ ಕೇಳಿದ್ದಾರೆ. ಅಡ್ವಾನ್ಸ್ ಬರಬೇಕಾದರೆ ಅವರು ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಂತೆ.

ಉತ್ತರ: ಸೈನ್ಯ ಅಂದರೆ ಕೊಡಗಿನಲ್ಲಿ ಎರಡನೇ ಮಾತಿಲ್ಲ. ಮೋಸಗಾರರಿಗೂ ಅದು ಗೊತ್ತು. ನಿಮ್ಮ ಖಾತೆಗೆ ದುಡ್ಡು ಬರಲು ನೀವು ಏನನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಯುಪಿಐ ಪಿನ್ ಒತ್ತಬೇಕಿಲ್ಲ. ಆಗಲೇ ಒತ್ತಿ ದುಡ್ಡು ಹೋಗಿದ್ದರೆ ಈ ಉತ್ತರ ಓದುತ್ತಾ ಕೂರಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.