ಲಹಬಾಬ್ ದಿಬ್ಬಗಳಲ್ಲಿ ಕ್ವಾಡ್ ಬೈಕ್ ಹೂತುಕೊಳ್ಳುವುದೇಕೆ?

ದುಬೈನ ಮರಳುಗಾಡು ಪ್ರದೇಶವಾದ ಲಹಬಾಬ್‌ನಲ್ಲಿ ಗೈಡ್ ಹಿಂದೆ ಹೋಗುವಾಗ ನಿಮ್ಮ ಕ್ವಾಡ್ ಬೈಕ್ (ನಾಲ್ಕು ಚಕ್ರದ ತೆರೆದ ಬೈಕ್) ಮಾತ್ರ ಪ್ರತಿ ಏರಿನಲ್ಲೂ ಮರಳಿನಲ್ಲಿ ಹೂತುಕೊಂಡಿತು ಎಂದಿದ್ದೀರಿ. ಬಹುಮಟ್ಟಿಗೆ ಕಾರಣ ಗಾಡಿಯಲ್ಲ. ನಡುದಾರಿಯಲ್ಲಿ ಹೆದರಿ ಆಕ್ಸಲರೇಟರ್ ಬಿಟ್ಟದ್ದು. ವೇಗ ಸತ್ತ ಮೇಲೆ ಗಾಬರಿಯಿಂದ ಮತ್ತೆ ಒತ್ತಿದರೆ ಹಿಂದಿನ ಚಕ್ರಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳುತ್ತವೆ.

ಮುಂದಿನ ವಾರ ಹೋದಾಗ ಗೈಡ್‌ನ ಚಕ್ರದ ಗುರುತನ್ನೇ ಹಿಡಿಯಿರಿ, ಆದರೆ ಅವರು ನೆತ್ತಿ ದಾಟಿ ಕೈಸನ್ನೆ ಮಾಡುವವರೆಗೆ ಕೆಳಗೇ ಕಾಯಿರಿ. ಸಮತಟ್ಟಿನಲ್ಲೇ ವೇಗ ಕೂಡಿಸಿಕೊಂಡು, ಸೀಟಿನಿಂದ ತುಸು ಎದ್ದು ಮುಂದಕ್ಕೆ ಬಾಗಿ, ನೇರವಾಗಿ ಏರಿ. ಆಕ್ಸಲರೇಟರ್ ಮೇಲೆ ಹೆಬ್ಬೆರಳಿನ ಒತ್ತಡ ಒಂದೇ ಸಮನಾಗಿರಲಿ. ಏರಿನಲ್ಲಿ ಅಡ್ಡ ತಿರುಗಿಸಬೇಡಿ, ಗಾಡಿ ಮಗುಚುವುದು ಅಲ್ಲಿಯೇ. ನೆತ್ತಿ ಹತ್ತಿರವಾದಂತೆ ವೇಗ ಇಳಿಸಿ: ದಿಬ್ಬಕ್ಕೆ ಗಾಳಿ ಬಂದು ಬಡಿಯುವ ಕಡೆಯ ಮೈ ಗಟ್ಟಿ, ಆಚೆಯದು ಸಡಿಲ. ಅಲ್ಲಿ ಇಳಿಜಾರು 30 ಡಿಗ್ರಿ ದಾಟಿರಬಹುದು. ಈಚೆಯಿಂದ ಅದು ಕಾಣುವುದೇ ಇಲ್ಲ.

ಹೂತರೆ ಆಕ್ಸಲರೇಟರ್ ಮುಟ್ಟಬೇಡಿ. ಬ್ರೇಕ್ ಹಿಡಿದು ಕೈ ಎತ್ತಿ ಗೈಡನ್ನು ಕರೆಯಿರಿ. ಇಳಿಯಬೇಕಾದರೆ ಇಳಿಜಾರಿನ ಮೇಲ್ಬದಿಗೆ ಇಳಿಯಿರಿ. ಸೈಲೆನ್ಸರ್‌ಗೆ ಕಾಲು ತಾಗದಂತೆ ಎಚ್ಚರ.

ಇಷ್ಟಾದರೂ ಹೂತರೆ ಟೈರಿನಲ್ಲಿ ಗಾಳಿ ಹೆಚ್ಚಿರಬಹುದು. ನಿಮ್ಮ ಗಾಡಿ ನೋಡದೆ ಖಚಿತವಾಗಿ ಹೇಳಲಾರೆ. ಹೊರಡುವ ಮುನ್ನವೇ ಗೈಡ್‌ಗೆ ಹೇಳಿ ಪರೀಕ್ಷೆ ಮಾಡಿಸಿ, ಗಾಳಿ ಬಿಡುವ ಕೆಲಸಕ್ಕೆ ನೀವೇ ಕೈಹಾಕಬೇಡಿ. ಸಂಜೆಯ ಸರದಿ ಫೋಟೋಗೆ ಚೆಂದ, ನಿಜ. ಆದರೆ ನಿಮಗೆ ಬೆಳಗಿನದೇ ಸರಿ. ಇಬ್ಬನಿ ಬಿದ್ದ ಮರಳು ಚಕ್ರಕ್ಕೆ ಹೆಚ್ಚು ಹಿಡಿತ ಕೊಡುತ್ತದೆ.