ಬೇಗ ನಿವೃತ್ತಿಯಾಗಬೇಕೆಂದು ಐದು ವರ್ಷದಿಂದ ಕೂಡಿಡುತ್ತಿದ್ದೇನೆ, ಇರುವುದಕ್ಕೆ ಕೃತಜ್ಞತೆ ಅನ್ನಿಸುತ್ತಿಲ್ಲ. ಅದನ್ನು ರೂಢಿಸಿಕೊಳ್ಳುವುದು ಹೇಗೆ?

ನೀವು ಕೊಟ್ಟಿರುವ ಲೆಕ್ಕದಿಂದಲೇ ಶುರು ಮಾಡೋಣ. ಬೆಂಗಳೂರಲ್ಲಿ ಮನೆ ಖರ್ಚು ತಿಂಗಳಿಗೆ 50,000, ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತು) 30,000. ಐದು ವರ್ಷ ಕಟ್ಟಿದರೂ ಏನೂ ಆಗಿಲ್ಲ ಅನ್ನಿಸುತ್ತದೆ, ಜೊತೆಯವರು ಫ್ಲ್ಯಾಟ್ ತಗೊಂಡರೆ ಹೊಟ್ಟೆ ಉರಿಯುತ್ತದೆ ಎಂದಿದ್ದೀರಿ. ಇದಕ್ಕೆ ನಿಮ್ಮ ಸ್ವಭಾವಕ್ಕಿಂತ ಚಕ್ರಬಡ್ಡಿಯೇ ಹೆಚ್ಚು ಕಾರಣ. ವರ್ಷಕ್ಕೆ ಶೇ 10ರಷ್ಟು ಬೆಳೆಯುತ್ತದೆ ಎಂದಿಟ್ಟುಕೊಂಡರೆ 15 ವರ್ಷಕ್ಕೆ ಸುಮಾರು 1.24 ಕೋಟಿ ಆಗುತ್ತದೆ. ಐದನೇ ವರ್ಷದ ಕೊನೆಗೆ ಇರುವುದು ಬರೀ 23 ಲಕ್ಷ, ಅದರಲ್ಲೂ 18 ಲಕ್ಷ ನೀವೇ ಹಾಕಿದ್ದು. ಕಾಲ ಮೂರನೇ ಒಂದು ಪಾಲು ಕಳೆದಿದೆ, ದುಡ್ಡು ಐದನೇ ಒಂದು ಪಾಲೂ ಆಗಿಲ್ಲ. ಬೇಸರ ಬರದಿದ್ದರೇ ಆಶ್ಚರ್ಯ.

ಹಾಗಾಗಿ ಮೊದಲು ಅಳತೆ ಬದಲಿಸಿ. ನಿಮ್ಮ ಎಕ್ಸೆಲ್‌ನಲ್ಲಿ ‘ಗುರಿಗೆ ಇನ್ನೆಷ್ಟು ಬಾಕಿ’ ಎಂಬ ಕಾಲಂ ಪಕ್ಕದಲ್ಲಿ ‘ನಾಳೆ ಕೆಲಸ ಹೋದರೆ ಮನೆ ಎಷ್ಟು ತಿಂಗಳು ನಡೆಯುತ್ತದೆ’ ಎಂದು ಇನ್ನೊಂದು ಹಾಕಿ. 23 ಲಕ್ಷವನ್ನು 50,000ದಿಂದ ಭಾಗಿಸಿದರೆ 46 ತಿಂಗಳು. ಲೇಆಫ್ ಸುದ್ದಿ ಬಂದಾಗಲೆಲ್ಲ ನಡುಗುವ ಈ ಊರಿನಲ್ಲಿ ಅದು ಸಣ್ಣ ಮಾತಲ್ಲ. ತಿಂಗಳಿಗೊಮ್ಮೆ ಮಾತ್ರ ನೋಡಿ. ದಿನಾ ನೋಡಿದರೆ ಮಾರುಕಟ್ಟೆಯ ಏರಿಳಿತ ಕಾಣಿಸುತ್ತದೆಯೇ ಹೊರತು ನಿಮ್ಮ ಶ್ರಮವಲ್ಲ.

ಇನ್ನು ಕೃತಜ್ಞತೆ ಅನ್ನಿಸಿದ ಸಂಗತಿಗಳನ್ನು ಬರೆದಿಡುವ ಅಭ್ಯಾಸ. ದಿನವೂ ಬರೆಯಿರಿ ಎನ್ನುವವರ ಮಾತು ಕೇಳಬೇಡಿ. ಮನೋವಿಜ್ಞಾನಿ ಸೋನ್ಯಾ ಲ್ಯುಬೊಮಿರ್‌ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಆರು ವಾರಗಳ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರ ನೆಮ್ಮದಿ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದ್ದು ಹೆಚ್ಚಲಿಲ್ಲ. ಪದೇ ಪದೇ ಬರೆದರೆ ಅದೂ ಹೋಂವರ್ಕ್ ಆಗಿಬಿಡುತ್ತದೆ. ಭಾನುವಾರ 15 ನಿಮಿಷ ಸಾಕು. ಯುಪಿಐ ಹಿಸ್ಟರಿ ತೆರೆದು, ಆ ವಾರ ಕೊಟ್ಟ ದುಡ್ಡಿನಲ್ಲಿ ನಿಜಕ್ಕೂ ಖುಷಿ ಕೊಟ್ಟ ಎರಡನ್ನು ಮೊತ್ತದ ಸಮೇತ ಬರೆಯಿರಿ. ಮೂರನೆಯದು ದುಡ್ಡು ಕೊಡದೆ ಸಿಕ್ಕಿದ್ದಾಗಿರಲಿ. ‘ಆರೋಗ್ಯ, ಕುಟುಂಬ’ ಎಂದು ಬರೆದರೆ ಮೂರನೇ ವಾರಕ್ಕೇ ಸಪ್ಪೆಯಾಗುತ್ತದೆ. ‘ಗುರುವಾರ ಮಳೆಗೆ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಾಗ ಪಕ್ಕದ ಮನೆ ಆಂಟಿ ಮಗುವನ್ನು ಸ್ಕೂಲ್ ವ್ಯಾನಿನಿಂದ ಇಳಿಸಿಕೊಂಡರು’ ಎಂದು ಬರೆದರೆ ಉಳಿಯುತ್ತದೆ. (ಅದಕ್ಕೆ ಬೆಲೆ ಕಟ್ಟಲು ಹೋಗಬೇಡಿ. ಎಕ್ಸೆಲ್ ಹುಚ್ಚಿಗೂ ಒಂದು ಮಿತಿ ಇರಲಿ.) ಏನೂ ಹೊಳೆಯದ ವಾರ, ಇರುವ ಒಂದು ಸೌಕರ್ಯ ಇಲ್ಲದಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ಕಾದವರಿಗೆ ನಲ್ಲಿ ನೀರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಮೂರು ತಿಂಗಳಾದ ಮೇಲೆ ಪಟ್ಟಿಯನ್ನು ಒಟ್ಟಿಗೆ ಓದಿ. ದುಡ್ಡು ಹೋಗುತ್ತಿದ್ದರೂ ಪಟ್ಟಿಯಲ್ಲಿ ಒಮ್ಮೆಯೂ ಬರದ ಖರ್ಚುಗಳು ಕಾಣುತ್ತವೆ: ನೋಡದ ಓಟಿಟಿ, ಹೋಗದ ಜಿಮ್, ಸೋಮಾರಿತನದ ಆರ್ಡರ್‌ಗಳು. ತಿಂಗಳಿಗೆ 1,000 ಕಡಿಮೆಯಾದರೆ, ನಿವೃತ್ತಿಗೆ ವಾರ್ಷಿಕ ಖರ್ಚಿನ 25 ಪಟ್ಟು ಕೂಡಿಡಬೇಕು ಎಂಬ ಲೆಕ್ಕದಲ್ಲಿ ಗುರಿಯೇ 3 ಲಕ್ಷ ಇಳಿಯುತ್ತದೆ. ಅಂದಹಾಗೆ ಆ 25 ಪಟ್ಟು ಬಂದದ್ದು 1994ರಲ್ಲಿ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅಮೆರಿಕದ ಅಂಕಿಅಂಶಗಳಿಂದ, 30 ವರ್ಷದ ನಿವೃತ್ತಿಗೆಂದು ಹಾಕಿದ, ಮೊದಲ ವರ್ಷ ಕೂಡಿಟ್ಟಿದ್ದರ ಶೇ 4ರಷ್ಟು ತೆಗೆಯಬಹುದೆಂಬ ಲೆಕ್ಕದಿಂದ. 45ಕ್ಕೇ ಕೆಲಸ ಬಿಡುವ ಯೋಚನೆಯಿದ್ದರೆ, ನಮ್ಮ ಬೆಲೆಯೇರಿಕೆಯಲ್ಲಿ 30ರಿಂದ 35 ಪಟ್ಟು ಇಟ್ಟುಕೊಳ್ಳುವುದು ಒಳ್ಳೆಯದು.

ಕೃತಜ್ಞತೆ ದಾರಿ ತಪ್ಪುವುದೂ ಉಂಟು. ‘ಕಂಪನಿ ಅನ್ನ ಕೊಟ್ಟಿದೆ’ ಎಂದು ಹೈಕ್ ಕೇಳದೆ ಕೂರುವುದು ಅಂಥದ್ದು. ಸಂಬಳ ಕೆಲಸಕ್ಕೆ ಸಿಗುವ ಪ್ರತಿಫಲ, ದಾನವಲ್ಲ. ಕಲಿಸಿಕೊಟ್ಟ ಸೀನಿಯರ್‌ಗೆ ಕೃತಜ್ಞರಾಗಿರಿ, ಸಂಬಳವನ್ನು ಮಾರುಕಟ್ಟೆ ದರದಲ್ಲೇ ಕೇಳಿ. ವಾಚ್‌ಮನ್‌ಗಿಂತ ನಾನೇ ವಾಸಿ ಎಂಬ ಸಮಾಧಾನವೂ ಬೇಡ. ಅದು ಹೋಲಿಕೆಯೇ, ದಿಕ್ಕು ಬದಲಾಗಿದೆ ಅಷ್ಟೆ. ಇನ್ನೊಂದು, ನಾನು ಹೆಚ್ಚು ಬೈಯುವುದು, ಉಳಿತಾಯದ ಹೆಸರಿನ ಜಿಪುಣತನ. ಮನೆಕೆಲಸದವರಿಗೆ ದೀಪಾವಳಿಗೆ ಒಂದು ತಿಂಗಳ ಸಂಬಳ ಕೊಡುವ ಪದ್ಧತಿ ಇಲ್ಲಿ ಎಷ್ಟೋ ಮನೆಗಳಲ್ಲಿದೆ. ಸಂಬಳ 3,000 ಇದ್ದರೆ ತಿಂಗಳಿಗೆ 250 ತೆಗೆದಿಡಿ, ಹಬ್ಬ ಬಂದಾಗ ಕೈ ಹಿಂಜರಿಯುವುದಿಲ್ಲ. ಅಪ್ಪ-ಅಮ್ಮನಿಗೆ ಕಳಿಸುವ ದುಡ್ಡು, ಅವರ ಆರೋಗ್ಯ ವಿಮೆ ಇವೂ ಖರ್ಚಿನ ಪಟ್ಟಿಯಲ್ಲೇ ಇರಲಿ. ಕಂಪನಿ ಕೊಟ್ಟ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟ ದಿನ ನಿಲ್ಲುತ್ತದೆ, ಬೇಗ ನಿವೃತ್ತಿ ಬಯಸುವವರು ಮರೆಯುವುದು ಇದನ್ನೇ.

ಈ ಭಾನುವಾರವೇ ಮಾಡಬಹುದಾದ ಕೆಲಸ ಇನ್ನೊಂದಿದೆ. ಬ್ಯಾಂಕ್, ಮ್ಯೂಚುವಲ್ ಫಂಡ್, ಪಿಎಫ್ ಮೂರರಲ್ಲೂ ನಾಮಿನಿ ಯಾರೆಂದು ನೋಡಿ, ಪಟ್ಟಿ ಮಾಡಿ ಮನೆಯವರ ಕೈಗೆ ಕೊಡಿ. ಮದುವೆಗೆ ಮುಂಚೆ ಮಾಡಿದ ಪಿಎಫ್ ನಾಮಿನೇಷನ್ ಮದುವೆಯಾದ ಮೇಲೆ ಊರ್ಜಿತವಲ್ಲ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಪೋರ್ಟಲ್‌ನಲ್ಲಿ ಇ-ನಾಮಿನೇಷನ್ ಹೊಸದಾಗಿ ಮಾಡಬೇಕು.