ಅವ್ವನ ಬುತ್ತಿಯದಲ್ಲ ತಪ್ಪು

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ, ಎಎಂಎಲ್ ಎಂಬ ರಕ್ತದ ಕ್ಯಾನ್ಸರ್. ಮೊದಲ ಕೀಮೋ ಆದಮೇಲೆ ಜ್ವರ ಇಳಿಯಲೇ ಇಲ್ಲ. ಶ್ವಾಸಕೋಶದಲ್ಲಿ ಫಂಗಸ್ ಎಂದು ಹತ್ತು ದಿನ ವೊರಿಕೊನಜೋಲ್ ಕೊಟ್ಟರು, ಗುಣ ಕಾಣಲಿಲ್ಲ. ಕಲ್ಚರ್ (ಫಂಗಸ್ ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ ‘ಆಸ್ಪರ್ಜಿಲಸ್ ಫ್ಯೂಮಿಗೇಟಸ್, ವೊರಿಕೊನಜೋಲ್ ನಾಟುವುದಿಲ್ಲ’ ಎಂದಿದೆ. ಈಗ ಆಂಫೊಟೆರಿಸಿನ್ ಹಾಕುತ್ತಿದ್ದಾರೆ. ತಾನು ಒಯ್ದ ಬುತ್ತಿಯಿಂದಲೇ ಹೀಗಾಯಿತೆಂದು ಅವ್ವ ಊಟ ಬಿಟ್ಟಿದ್ದಾಳೆ. ಅವನು ಹಿಂದೆಂದೂ ಈ ಔಷಧ ತಗೊಂಡವನಲ್ಲ. ಔಷಧಕ್ಕೇ ಬಗ್ಗದ ಫಂಗಸ್ ಎಲ್ಲಿಂದ ಬಂತು?
— ಭತ್ತದ ರೈತ, ಶಹಾಪುರ ತಾಲ್ಲೂಕು

ಉತ್ತರ: ಮೊದಲು ಅವ್ವನನ್ನು ಊಟಕ್ಕೆ ಕೂಡಿಸಿ. ಈ ಬೂಷ್ಟು ಶ್ವಾಸಕೋಶಕ್ಕೆ ಇಳಿಯುವುದು ಉಸಿರಿನ ಜೊತೆ, ರೊಟ್ಟಿಯ ಜೊತೆ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ನಾನೂ ನಿಮ್ಮ ಕಡೆಯವಳೇ. ಮಳೆಗಾಲ ಮುಗಿದ ಮೇಲೆ ಬಣವಿಯ ತಳದ ಹುಲ್ಲು ಹಿರಿದರೆ ಬೂದುಹಸಿರು ಹೊಗೆ ಏಳುವುದನ್ನು ನೋಡಿದ್ದೀರಲ್ಲ? ಅದರಲ್ಲಿ ಇಂಥ ಬೂಷ್ಟಿನ ಕೋಟಿಗಟ್ಟಲೆ ಬೀಜಕಣಗಳಿರುತ್ತವೆ. ತಿಪ್ಪೆಯೊಳಗೆ ಕೈ ಇಟ್ಟರೆ ಸುಡುತ್ತದಲ್ಲ, ಆ ಕಾವಿನಲ್ಲೂ ಬೆಳೆಯುವ ಜೀವ ಇದು. ಮನುಷ್ಯನ ಮೈಯ 37 ಡಿಗ್ರಿ ಇದಕ್ಕೆ ಏನೂ ಅಲ್ಲ. ನೀವು, ನಾನು ಇದನ್ನು ದಿನಾ ಉಸಿರಾಡುತ್ತೇವೆ. ನಮ್ಮ ಬಿಳಿ ರಕ್ತಕಣಗಳು ಅಲ್ಲಲ್ಲೇ ನುಂಗಿಹಾಕುತ್ತವೆ. ಕೀಮೋ ಆದವರಲ್ಲಿ ಆ ಕಾವಲುಗಾರ ಕಣಗಳು, ನ್ಯೂಟ್ರೋಫಿಲ್‌ಗಳು, ಒಂದು ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗೆ ಇಳಿದು ವಾರಗಟ್ಟಲೆ ಏಳುವುದಿಲ್ಲ. ಬೂಷ್ಟು ಬೇರು ಬಿಡುವುದು ಆಗಲೇ.

ಇನ್ನು ನೀವು ಕೇಳಿದ ಮುಖ್ಯ ಮಾತು. ಭತ್ತಕ್ಕೆ ನೀವು ಹೊಡೆಯುವ ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಡಬ್ಬಿಗಳ ಹೆಸರಿನ ಕೊನೆ ನೋಡಿ. ತಮ್ಮನಿಗೆ ಕೊಟ್ಟ ವೊರಿಕೊನಜೋಲ್ ಕೂಡ ಅದೇ ಮನೆತನದ್ದು. ಹೊಲದಲ್ಲಿ ಆ ಮದ್ದು ತಿಂದು ಬದುಕಿ ಉಳಿದ ಬೂಷ್ಟಿಗೆ ಆಸ್ಪತ್ರೆಯ ಮದ್ದೂ ನಾಟದೆ ಹೋಗಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ ಹೂಗಡ್ಡೆ ಕಸದ ತಿಪ್ಪೆಗಳಲ್ಲಿ ಇಂಥ ತಳಿ ಸಿಕ್ಕಿದೆ. ನಮ್ಮ ದೇಶದಲ್ಲೂ ಭತ್ತದ ಗದ್ದೆಯ ಮಣ್ಣಿನಲ್ಲಿ ಸಿಕ್ಕಿದ್ದು 2012ರಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅತಿ ಅಪಾಯದ ಶಿಲೀಂಧ್ರಗಳ ಪಟ್ಟಿಯ ಮೊದಲ ಸಾಲಿನಲ್ಲೇ ಈ ಆಸ್ಪರ್ಜಿಲಸ್ಸನ್ನು ಇಟ್ಟಿದೆ. ಹಾಗೆಂದು ನಿಮ್ಮ ಗದ್ದೆಯದೇ ತಪ್ಪು ಎಂದು ತಿಳಿದು ಕೊರಗಬೇಡಿ. ಆ ಕಣ ಯಾವ ಊರಿನ ಗಾಳಿಯಿಂದಲೋ, ಯಾವ ಕಟ್ಟಡ ಕೆಡವಿದ ಧೂಳಿನಿಂದಲೋ ಬಂದಿರಬಹುದು. ಆದರೆ ರೋಗ ಕಾಣುವ ಮೊದಲೇ, ಅಂಗಡಿಯವ ಹೇಳಿದನೆಂದು ಮೂರು ಮೂರು ಸಲ ಹೊಡೆಯುವುದನ್ನು ದಯವಿಟ್ಟು ಬಿಡಿ.

ಕಲ್ಚರ್ ಮಾಡಿಸಿದ್ದು ಬಹಳ ಒಳ್ಳೆಯದಾಯಿತು. ಎಷ್ಟೋ ಮಂದಿಯಲ್ಲಿ ಇದು ಗೊತ್ತೇ ಆಗದೆ ದಿನ ಕಳೆದುಹೋಗುತ್ತದೆ. ಆಂಫೊಟೆರಿಸಿನ್ ಬೇರೆಯೇ ಜಾತಿಯ ಔಷಧ, ಬೂಷ್ಟಿನ ಹೊರಪೊರೆಗೇ ತೂತು ಹಾಕುತ್ತದೆ. ಹಾಕುವಾಗ ಗಡಗಡ ಚಳಿ ಬರಬಹುದು, ಹೆದರಬೇಡಿ, ಕೂಡಲೇ ನರ್ಸಿಗೆ ಹೇಳಿ. ಮೂತ್ರಪಿಂಡಕ್ಕೆ ಇದು ಭಾರ, ಪೊಟ್ಯಾಸಿಯಂ ಕೂಡ ಕುಸಿಯುತ್ತದೆ. ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ ಎಷ್ಟೆಂದು ರೌಂಡ್ಸಿಗೆ ಬಂದ ಡಾಕ್ಟರನ್ನು ಕೇಳುತ್ತಿರಿ. ಕೇಳುವುದು ನಿಮ್ಮ ಹಕ್ಕು.

ಮನೆಗೆ ಬಂದಮೇಲೆ ರಾಶಿ ಮುಗಿಯುವ ತನಕ ಅವನನ್ನು ಕಣದ ಕಡೆ, ಬಣವಿಯ ಕಡೆ ಬಿಡಬೇಡಿ. ಮಲಗುವ ಕೋಣೆಯಲ್ಲಿ ಹೊಟ್ಟಿನ ಚೀಲ ಬೇಡ. ಬುತ್ತಿ ಒಯ್ಯಬಹುದೇ ಎಂದು ವಾರ್ಡಿನಲ್ಲಿ ಕೇಳಿ. ಒಪ್ಪಿದರೆ ಅವ್ವನೇ ಬಿಸಿಬಿಸಿ ಮಾಡಿ ಒಯ್ಯಲಿ. ನ್ಯೂಟ್ರೋಫಿಲ್ ಎಣಿಕೆ 500 ದಾಟಿದ ದಿನ ನನಗೊಂದು ಪತ್ರ ಹಾಕಿ, ಕಾಯುತ್ತಿರುತ್ತೇನೆ.